ಬಂದರು ಸೇರಿದ ಹಡಗು, ದಡ ಕಾಣದ ನಾವಿಕ: ವಿಟ್ಮನ್‌ನ ಶೋಕಗೀತೆಯ ರೂಪಕ

ಶೋಕವು ಅಲಂಕಾರವನ್ನು ಎಷ್ಟರಮಟ್ಟಿಗೆ ಸಹಿಸಬಲ್ಲದು? ಕಾವ್ಯಮೀಮಾಂಸೆಗೆ ಇದು ಹಳೆಯ ಪ್ರಶ್ನೆ. ರಸದಲ್ಲಿ ತನ್ಮಯನಾದ ಕವಿಗೆ ಬೇರೆ ಯತ್ನವಿಲ್ಲದೆ ಒದಗಿಬರುವ ಅಲಂಕಾರವೇ ನಿಜವಾದ ಅಲಂಕಾರ ಎಂಬುದು ಆನಂದವರ್ಧನನ ನಿಲುವು. ಈ ಮಾತನ್ನು ಒರೆಗೆ ಹಚ್ಚಲು ಒಂದು ಪರದೇಶದ ಕವಿತೆ ತಕ್ಕ ನಿದರ್ಶನವಾಗಿದೆ. ಅಬ್ರಹಾಂ ಲಿಂಕನ್‌ನ ಸಾವಿಗೆ ಮರುಗಿ ವಾಲ್ಟ್ ವಿಟ್ಮನ್ ಬರೆದ ‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’ ಎಂಬ ಆ ಶೋಕಗೀತೆಯನ್ನು ನಮ್ಮ ದೇಶದ ಅನೇಕ ತಲೆಮಾರಿನ ವಿದ್ಯಾರ್ಥಿಗಳು ಇಂಗ್ಲಿಷ್ ತರಗತಿಯಲ್ಲಿ ಓದಿದ್ದಾರೆ. ಹಡಗು ಎಂದರೆ ದೇಶ, ಕಪ್ತಾನ ಎಂದರೆ ಲಿಂಕನ್, ಬಿರುಗಾಳಿಯ ಪಯಣ ಎಂದರೆ ಅಂತರ್ಯುದ್ಧ, ಬಂದರು ಎಂದರೆ ವಿಜಯ ಎಂದು ಟಿಪ್ಪಣಿ ಬರೆದುಕೊಂಡು ಪರೀಕ್ಷೆಯನ್ನೂ ದಾಟಿದ್ದಾರೆ. ಆ ಟಿಪ್ಪಣಿ ತಪ್ಪಲ್ಲ. ಆದರೆ ಕವಿತೆಯ ತೊಡಕು ಆರಂಭವಾಗುವುದು ಆ ಟಿಪ್ಪಣಿ ಮುಗಿದಲ್ಲಿ.

ಮೊದಲು ಘಟನೆಯನ್ನು ನೆನೆಯಬೇಕು. 1861ರ ಏಪ್ರಿಲ್‌ನಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧ ನಾಲ್ಕು ವರ್ಷ ನಡೆಯಿತು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಲೀ ಉತ್ತರದ ಸೇನಾನಿ ಗ್ರಾಂಟ್‌ನಿಗೆ ಶರಣಾದನು. ಕೇವಲ ಐದು ದಿನಗಳ ತರುವಾಯ, ಏಪ್ರಿಲ್ 14ರ ರಾತ್ರಿ, ವಾಷಿಂಗ್ಟನ್ನಿನ ಫೋರ್ಡ್ ರಂಗಮಂದಿರದಲ್ಲಿ ಜಾನ್ ವಿಲ್ಕ್ಸ್ ಬೂತ್ ಎಂಬ ನಟ ಲಿಂಕನ್‌ನಿಗೆ ಗುಂಡಿಕ್ಕಿದನು. ಮರುದಿನ ಬೆಳಗ್ಗೆ ಲಿಂಕನ್ ತೀರಿಕೊಂಡನು. ಗೆಲುವಿನ ತೋರಣ ಕಟ್ಟಿದ ಬೀದಿಗಳಲ್ಲೇ ಕಪ್ಪು ಬಟ್ಟೆಯನ್ನೂ ಕಟ್ಟಬೇಕಾಯಿತು. ಹರ್ಷ ಮತ್ತು ಶೋಕಗಳು ಒಂದೇ ವಾರದಲ್ಲಿ ಒಂದೇ ಜನತೆಯ ಮೇಲೆ ಎರಗಿದ ಈ ಸನ್ನಿವೇಶವೇ ಕವಿತೆಯ ಬೀಜ. ಅದು ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕಿನ ‘ಸ್ಯಾಟರ್ಡೇ ಪ್ರೆಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಡಗಿನ ಪ್ರತಿಮೆ ವಿಟ್ಮನ್‌ನ ಸೃಷ್ಟಿಯಲ್ಲ. ರಾಜ್ಯವನ್ನು ನೌಕೆಯಾಗಿ ಕಾಣುವ ಕ್ರಮ ಗ್ರೀಕ್ ಕವಿ ಆಲ್ಕೇಯಸ್‌ನಷ್ಟು ಹಳೆಯದು, ಪ್ಲೇಟೋವಿನ ‘ರಿಪಬ್ಲಿಕ್’ನಲ್ಲಿ ಅದು ರಾಜನೀತಿಯ ವಾದವಾಗಿದೆ, ಅಂತರ್ಯುದ್ಧಕ್ಕೆ ಮುನ್ನವೇ ಲಾಂಗ್‌ಫೆಲೋ ಅದನ್ನು ಅಮೆರಿಕದ ಒಕ್ಕೂಟಕ್ಕೆ ಅನ್ವಯಿಸಿದ್ದನು. ಗುಂಡೇಟು ಬಿದ್ದ ದಿನ ಬೆಳಗಿನ ಮಂತ್ರಿಸಭೆಯಲ್ಲಿ ಲಿಂಕನ್ ತನಗೆ ಬಿದ್ದ ಕನಸೊಂದನ್ನು ಹೇಳಿಕೊಂಡನೆಂದು ನೌಕಾಖಾತೆಯ ಮಂತ್ರಿ ಗಿಡಿಯನ್ ವೆಲ್ಸ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ: ವಿಚಿತ್ರವಾದ ನೌಕೆಯೊಂದರಲ್ಲಿ ತಾನು ಅಸ್ಪಷ್ಟವಾದ ತೀರದ ಕಡೆಗೆ ವೇಗವಾಗಿ ಸಾಗುತ್ತಿರುವ ಕನಸು. ಹೀಗೆ ಉಪಮಾನವು ಕಾಲದ ಗಾಳಿಯಲ್ಲೇ ಇತ್ತು. ಕವಿಗೆ ಅದು ಬೇರೆ ಯತ್ನವಿಲ್ಲದೆ ಒದಗಿತೆಂದರೆ ಅತಿಶಯವಲ್ಲ.

ಮೂರು ಪದ್ಯಗಳ ಈ ಗೀತೆಯ ವಿನ್ಯಾಸ ಸರಳವಾಗಿದೆ. ಒಂದೊಂದು ಪದ್ಯದಲ್ಲೂ ಮೊದಲು ನಾಲ್ಕು ದೀರ್ಘ ಸಾಲುಗಳು, ಅನಂತರ ನಾಲ್ಕು ಕಿರುಸಾಲುಗಳು. ದೀರ್ಘ ಸಾಲುಗಳಲ್ಲಿ ದಡದ ಸಂಭ್ರಮ: ಗಂಟೆಗಳ ನಾದ, ಪುಷ್ಪಗುಚ್ಛಗಳು, ತವಕದಿಂದ ನೋಡುವ ಮುಖಗಳು. ಕಿರುಸಾಲುಗಳಲ್ಲಿ ಹಡಗಿನ ಅಟ್ಟದ ಮೇಲೆ ತಣ್ಣಗೆ ಬಿದ್ದಿರುವ ದೇಹ. ಪ್ರತಿ ಪದ್ಯವೂ ದಡದಿಂದ ದೇಹಕ್ಕೆ, ಸಮೂಹದಿಂದ ಒಂಟಿತನಕ್ಕೆ ಇಳಿಯುತ್ತದೆ. ಮುಕ್ತಛಂದಸ್ಸಿನ ಪ್ರವರ್ತಕನೆಂದು ಹೆಸರಾದ ವಿಟ್ಮನ್ ಇಲ್ಲಿ ಅಂತ್ಯಪ್ರಾಸಕ್ಕೂ ಪಲ್ಲವಿಗೂ ಶರಣಾಗಿದ್ದಾನೆ. ಸಮೂಹವು ಒಟ್ಟಾಗಿ ಹೇಳಬಹುದಾದ ಶೋಕಕ್ಕೆ ಸಮೂಹಕ್ಕೆ ಪರಿಚಿತವಾದ ಲಯವೇ ಬೇಕಾಗಿತ್ತು.

ಇದನ್ನು ‘ವಿಸ್ತೃತ ರೂಪಕ’ ಎಂದು ಕರೆಯುವುದು ವಾಡಿಕೆ. ನಮ್ಮ ಅಲಂಕಾರಶಾಸ್ತ್ರದ ಕಣ್ಣಿನಿಂದ ನೋಡಿದರೆ ಸೂಕ್ಷ್ಮವೊಂದು ತೋರುತ್ತದೆ. ಸಾಂಗರೂಪಕದಲ್ಲಿ ಉಪಮೇಯ ಮತ್ತು ಉಪಮಾನಗಳೆರಡೂ ಕಾಣುತ್ತವೆ. ಅಂಗಗಳೆಲ್ಲವೂ ಶಬ್ದದಲ್ಲಿ ಬಂದರೆ ಅದು ಸಮಸ್ತವಸ್ತುವಿಷಯ, ಕೆಲವು ಅರ್ಥದಿಂದ ಮಾತ್ರ ಹೊಳೆದರೆ ಏಕದೇಶವಿವರ್ತಿ. ವಿಟ್ಮನ್‌ನ ಕವಿತೆಯಲ್ಲಾದರೋ ಲಿಂಕನ್‌ನ ಹೆಸರಿಲ್ಲ. ಯುದ್ಧ, ದೇಶ ಎಂಬ ಮಾತುಗಳೂ ಇಲ್ಲ. ಉಪಮಾನವು ಉಪಮೇಯವನ್ನು ಪೂರ್ತಿಯಾಗಿ ನುಂಗಿದೆ. ಇದನ್ನು ನಮ್ಮವರು ರೂಪಕಾತಿಶಯೋಕ್ತಿ ಎನ್ನುತ್ತಾರೆ. 1865ರ ಓದುಗನಿಗೆ ಹೆಸರು ಬೇಕಾಗಿರಲಿಲ್ಲ. ಆ ಗಾಯ ಇನ್ನೂ ಹಸಿಯಾಗಿತ್ತು. ಹೆಸರಿಲ್ಲದ ಕಾರಣದಿಂದಲೇ ಕವಿತೆ ಮುಂದೆ ಬೇರೆ ಬೇರೆ ಸಾವುಗಳಿಗೂ ಒದಗುವಂತಾಯಿತು.

ಆದರೆ ಈ ನುಂಗುವಿಕೆ ಕೊನೆಯವರೆಗೆ ನಿಲ್ಲುವುದಿಲ್ಲ. ಎರಡನೆಯ ಪದ್ಯದಲ್ಲಿ ನಾವಿಕನು ಕಪ್ತಾನನನ್ನು ಇದ್ದಕ್ಕಿದ್ದಂತೆ ತಂದೆಯೆಂದು ಕರೆಯುತ್ತಾನೆ. ತನ್ನ ತೋಳನ್ನು ಅವನ ತಲೆಗೆ ಆಸರೆಯಾಗಿ ಒಡ್ಡುತ್ತಾನೆ. ಮೂರನೆಯ ಪದ್ಯದಲ್ಲಿ ಬಿಳಿಚಿದ ತುಟಿ, ನಿಂತ ನಾಡಿ. ಇವಕ್ಕೆ ದೇಶ–ನೌಕೆಯ ಪಟ್ಟಿಯಲ್ಲಿ ಹೊಂದುವ ಅರ್ಥವಿಲ್ಲ. ಲಕ್ಷಣಕಾರನಿಗೆ ಇದು ರೂಪಕದ ಬಿರುಕಾಗಿ ಕಂಡೀತು. ಕರುಣವು ಒಸರುವುದು ಅಲ್ಲಿಂದಲೇ.

ಈ ರೂಪಕ ಏನನ್ನು ಮರೆಮಾಡುತ್ತದೆ ಎಂಬುದನ್ನೂ ಕೇಳಬೇಕು. ಕವಿತೆಯ ಹಡಗಿನಲ್ಲಿ ಸತ್ತವನು ಒಬ್ಬನೇ. ಆ ಯುದ್ಧದಲ್ಲಿ ಮಡಿದ ಸೈನಿಕರು ಆರು ಲಕ್ಷಕ್ಕೂ ಮಿಗಿಲು. 1862ರ ಕೊನೆಯಲ್ಲಿ ಗಾಯಗೊಂಡ ತಮ್ಮನನ್ನು ಅರಸುತ್ತ ಹೊರಟ ವಿಟ್ಮನ್ ಅನಂತರ ವಾಷಿಂಗ್ಟನ್ನಿನ ಸೈನಿಕ ಆಸ್ಪತ್ರೆಗಳಲ್ಲಿ ಗಾಯಾಳುಗಳ ಶುಶ್ರೂಷೆಗೆ ನಿಂತವನು. ಆ ಸಾವುಗಳನ್ನು ಅವನಷ್ಟು ಹತ್ತಿರದಿಂದ ಕಂಡ ಕವಿಗಳು ವಿರಳ. ರನ್ನನ ‘ಗದಾಯುದ್ಧ’ದ ದುರ್ಯೋಧನ ರಣಭೂಮಿಯಲ್ಲಿ ಸಂಜಯನೊಡನೆ ನಡೆಯುತ್ತ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಬಳಿ ನಿಂತು, ಹಗೆಯ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮರುಗುತ್ತಾನೆ. ಅಲ್ಲಿ ಶೋಕಕ್ಕೆ ಹಲವು ಮುಖಗಳಿವೆ. ವಿಟ್ಮನ್‌ನ ನಾವಿಕನ ಹೆಜ್ಜೆ ಒಂದೇ ದೇಹದ ಸುತ್ತ ಸುಳಿಯುತ್ತದೆ.

ಬಂದರಿನ ವಿಷಯವೂ ಅಷ್ಟೇ. ಕವಿತೆಯ ಪ್ರಕಾರ ಪಯಣ ಮುಗಿದಿದೆ, ಲಂಗರು ಇಳಿದಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಲಿಂಕನ್ ಸತ್ತಾಗ ಜಾನ್‌ಸ್ಟನ್‌ನ ಸೇನೆ ಇನ್ನೂ ಶರಣಾಗಿರಲಿಲ್ಲ. ಗುಲಾಮಗಿರಿಯನ್ನು ರದ್ದುಗೊಳಿಸಿದ 13ನೆಯ ತಿದ್ದುಪಡಿ ಅಂಗೀಕಾರ ಪೂರ್ಣಗೊಂಡದ್ದು ಡಿಸೆಂಬರ್‌ನಲ್ಲಿ. ಏಪ್ರಿಲ್ 11ರ ತನ್ನ ಕೊನೆಯ ಸಾರ್ವಜನಿಕ ಭಾಷಣದಲ್ಲಿ ಲಿಂಕನ್ ಕೆಲವು ವರ್ಗದ ಕಪ್ಪು ಜನರಿಗಾದರೂ ಮತದಾನದ ಹಕ್ಕು ಸಿಗಬೇಕೆಂಬ ಇಂಗಿತವನ್ನು ಸೂಚಿಸಿದ್ದನು. ಕೇಳುಗರ ನಡುವೆ ಬೂತ್ ಕೂಡ ಇದ್ದನು. ಹಾಗೆಂದಮೇಲೆ ಕಪ್ತಾನ ಸತ್ತದ್ದು ಪಯಣದ ತುದಿಯಲ್ಲಲ್ಲ, ಇನ್ನೊಂದು ಪಯಣದ ಮೊದಲಲ್ಲಿ.

ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್ ಬಾಲ್ಟಿಮೋರಿನ ಹಡಗುಕಟ್ಟೆಯಲ್ಲಿ ಹಲಗೆಗಳ ಸಂದಿಗೆ ನಾರು ತುಂಬಿ ನೀರು ಸೋರದಂತೆ ಬಿಗಿಮಾಡುವ ಕೆಲಸ ಮಾಡಿದವನು. 1838ರಲ್ಲಿ ನಾವಿಕನ ವೇಷ ತೊಟ್ಟು ಬಿಡುಗಡೆಗೆ ಓಡಿದವನು. 1876ರ ಏಪ್ರಿಲ್ 14ರಂದು ವಾಷಿಂಗ್ಟನ್ನಿನಲ್ಲಿ ಲಿಂಕನ್ ಸ್ಮಾರಕದ ಅನಾವರಣದಲ್ಲಿ ಮಾತನಾಡುತ್ತ ಅವನು, ಲಿಂಕನ್ ಮುಖ್ಯವಾಗಿ ಬಿಳಿಯರ ಅಧ್ಯಕ್ಷನಾಗಿದ್ದನೆಂಬುದನ್ನು ಮುಚ್ಚಿಡಲಿಲ್ಲ. ಅವನಿಗೆ ಸಲ್ಲಬೇಕಾದ ಕೃತಜ್ಞತೆಯನ್ನೂ ಕಡಿಮೆ ಮಾಡಲಿಲ್ಲ. ಸ್ವತಃ ವಿಟ್ಮನ್ನನೂ ಈ ಗೀತೆಯ ಜನಪ್ರಿಯತೆಯಿಂದ ಬೇಸತ್ತು, ಅದನ್ನು ಬರೆಯದಿದ್ದರೆ ಚೆನ್ನಾಗಿತ್ತು ಎನ್ನುವಷ್ಟಕ್ಕೆ ಮುಪ್ಪಿನಲ್ಲಿ ಬಂದಿದ್ದನು. ಅದೇ ಸಾವನ್ನು ಕುರಿತ ಅವನ ಲೈಲಾಕ್ ಹೂವಿನ ದೀರ್ಘ ಶೋಕಗೀತೆಯಲ್ಲಿ ಒಂದು ಶವಪೆಟ್ಟಿಗೆಯಿಂದ ಹೊರಟ ದುಃಖ ಯುದ್ಧದ ಎಲ್ಲ ಸತ್ತವರನ್ನೂ ಮುಟ್ಟುತ್ತದೆ. ಚಿಕ್ಕ ಗೀತೆಯ ಕೊರತೆಯನ್ನು ಕವಿ ತಾನೇ ತುಂಬಿದ್ದಾನೆ.

ನೌಕೆಯ ರೂಪಕ ಜೈನ ಪರಂಪರೆಗೂ ಆಪ್ತವಾದುದು. ಶ್ವೇತಾಂಬರ ಆಗಮವಾದ ‘ಉತ್ತರಾಧ್ಯಯನ ಸೂತ್ರ’ದ ಕೇಶಿ–ಗೌತಮ ಸಂವಾದದಲ್ಲಿ ಶರೀರವೇ ನೌಕೆ, ಜೀವನೇ ನಾವಿಕ, ಸಂಸಾರವೇ ಕಡಲು. ಸೋರುವ ದೋಣಿ ಆಚೆಯ ದಡ ಮುಟ್ಟದು, ಸೋರದ ದೋಣಿ ಮುಟ್ಟುವುದು ಎಂಬ ವಿವೇಕವೂ ಅಲ್ಲೇ ಇದೆ. ಇದು ಉಪಮೇಯ–ಉಪಮಾನಗಳೆರಡನ್ನೂ ಬಿಚ್ಚಿಟ್ಟ ನಿಚ್ಚಳವಾದ ಸಾಂಗರೂಪಕ. ವ್ಯತ್ಯಾಸವಿರುವುದು ಚುಕ್ಕಾಣಿಯ ವಿಷಯದಲ್ಲಿ. ತೀರ್ಥಂಕರನೆಂದರೆ ದಾಟುವ ಕಡವನ್ನು ತೋರಿಸಿಕೊಟ್ಟವನು. ಹುಟ್ಟು ಹಾಕಬೇಕಾದವನು ಅವರವರ ನೌಕೆಯ ನಾವಿಕನೇ.

ಅದೇ ಗೌತಮ ಗಣಧರರ ಕಥೆಯನ್ನು ಇಲ್ಲಿ ನೆನೆಯಬೇಕು. ಭಗವಾನ್ ಮಹಾವೀರರ ಮೇಲಿನ ಅನುರಾಗವೇ ಅವರ ಕೇವಲಜ್ಞಾನಕ್ಕೆ ಅಡ್ಡಿಯಾಗಿತ್ತು ಎಂಬುದು ಶ್ವೇತಾಂಬರ ಕಥನ. ಪಾವಾಪುರಿಯಲ್ಲಿ ಸ್ವಾಮಿಯ ನಿರ್ವಾಣವಾದಾಗ ದೂರದಲ್ಲಿದ್ದ ಅವರು ಸುದ್ದಿ ಕೇಳಿ ಅತ್ತರು. ಅಳುತ್ತಲೇ ಆ ಬಂಧದ ಸ್ವರೂಪವನ್ನು ಅರಿತರು. ಆಗ ಅವರಿಗೆ ಕೇವಲಜ್ಞಾನವಾಯಿತು. ಅಲ್ಲಿ ಶೋಕಕ್ಕೆ ನಿಷೇಧವಿಲ್ಲ. ಶೋಕವು ಅಲ್ಲಿಯೇ ನಿಲ್ಲಬಾರದು ಎಂಬುದಷ್ಟೇ ಅದರ ತಾತ್ಪರ್ಯ.

1948ರ ಜನವರಿ 30ರಂದು ಗಾಂಧೀಜಿ ಹತರಾದಾಗ ಭಾರತವೂ ಇಂಥದೇ ತಿರುವಿನಲ್ಲಿತ್ತು. ಸ್ವಾತಂತ್ರ್ಯ ಬಂದು ಆರು ತಿಂಗಳೂ ತುಂಬಿರಲಿಲ್ಲ. ಅಂದು ರಾತ್ರಿ ಆಕಾಶವಾಣಿಯಲ್ಲಿ ಮಾತನಾಡಿದ ನೆಹರೂ ಬೆಳಕು ನಂದಿತೆಂಬ ರೂಪಕದಿಂದ ತೊಡಗಿ, ಮರುಕ್ಷಣವೇ ತಾವು ಹಾಗೆ ಹೇಳಿದ್ದು ತಪ್ಪೆಂದು ಅದನ್ನು ಹಿಂತೆಗೆದುಕೊಂಡರು. ವಿಟ್ಮನ್‌ನ ನಾವಿಕನಿಗೆ ಆ ಮರುಕ್ಷಣ ಒದಗಲಿಲ್ಲ. ಅವನನ್ನು ಅಲ್ಲಗಳೆಯಬೇಕಾಗಿಲ್ಲ, ಸಾವಿನ ಮೊದಲ ದಿನ ಎಲ್ಲರೂ ಅವನಂತೆಯೇ ದೇಹದ ಬಳಿ ಸುಳಿದಾಡುತ್ತಾರೆ. ದಡದ ಜನ ಮನೆಗೆ ಮರಳಿದ ಮೇಲೆ ಹಡಗಿನ ಸೋರುವ ಸಂದಿಗಳನ್ನು ತುಂಬುವವರು ಯಾರು ಎಂಬ ಪ್ರಶ್ನೆಯನ್ನು ಕವಿತೆ ಕೇಳುವುದಿಲ್ಲ. ಅದನ್ನು ಓದುಗನೇ ಕೇಳಿಕೊಳ್ಳಬೇಕು.