ಸ್ಟಿಲ್ಸನ್ ಸಿಕ್ಕಿದ್ದ

ಎಪ್ಪತ್ತರ ದಶಕದಲ್ಲಿ ಕೆಜಿಎಫ್‌ನಲ್ಲಿ ಫಿಟ್ಟರ್ ಕೆಲಸ ಕಲಿಯಲು ಸೇರಿದ ನಮ್ಮ ಕೈಗೆ ಮೊದಲು ಬಂದದ್ದು ಅರ. ಹಲ್ಲು ತೀರಾ ಒರಟೂ ಅಲ್ಲ, ನಯವೂ ಅಲ್ಲ. ಹೆಸರು ‘ಬಾಸ್ಟರ್ಡ್ ಫೈಲ್’. ಮೇಷ್ಟ್ರು ಮುಖ ಬಿಗಿದುಕೊಂಡು ಆ ಹೆಸರು ಹೇಳಿದರೆ ನಾವು ವೈಸ್ ಮರೆಯಲ್ಲಿ ತಲೆ ತಗ್ಗಿಸಿ ನಗುತ್ತಿದ್ದೆವು. ‘ನಕ್ಕಿದ್ದು ಸಾಕು, ಉಜ್ರೋ’ ಅನ್ನುವಷ್ಟರಲ್ಲಿ ಅವರಿಗೂ ನಗು. ಒಂದು ಕಾಲು ನೆಟ್ಟಗಿದ್ದು ಇನ್ನೊಂದರ ತುದಿ ಬಾಗಿದ್ದ ಕ್ಯಾಲಿಪರ್‌ಗೆ ‘ಜೆನ್ನಿ’ ಅಂತ ಹೆಣ್ಣುಮಗಳ ಹೆಸರು. ಅದನ್ನು ಯಾರು ಇಟ್ಟುಕೊಳ್ಳಬೇಕು ಎಂದು ದಿನಾ ಜಗಳ.

ಮನೆಗೆ ಬಂದರೆ ಬೇರೆಯೇ ಕಥೆ. ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ನಮ್ಮ ಹಾರೆ ಪಕ್ಕದ ತಮಿಳರಿಗೆ ಕಡಪಾರೈ, ಎದುರು ಮನೆಯ ತೆಲುಗರಿಗೆ ಗುನಪಂ. ಎರವಲಿಗೆ ಬಂದ ಹುಡುಗ ಯಾವ ಹೆಸರು ಹೇಳಿದರೂ ಅಮ್ಮ ಬಾಗಿಲ ಸಂದಿಯಿಂದ ಅದನ್ನೇ ಎಳೆದು ಕೊಡುತ್ತಿದ್ದಳು.

ವರ್ಕ್‌ಶಾಪಿನ ಅರ್ಧ ಹೆಸರುಗಳು ನಾವು ಕಂಡರಿಯದ ದೊರೆಗಳದ್ದು. ಪೈಪ್ ಹಿಡಿಯುವ ಸ್ಟಿಲ್ಸನ್ ರೆಂಚ್, 1869ರ ಸುಮಾರಿಗೆ ಅದನ್ನು ರೂಪಿಸಿದ ಅಮೆರಿಕದ ಡೇನಿಯಲ್ ಸ್ಟಿಲ್ಸನ್ ಹೆಸರಿನದು. ಪ್ಲಸ್ ಗುರುತಿನ ಸ್ಕ್ರೂ 1930ರ ದಶಕದಲ್ಲಿ ಅದನ್ನು ಚಾಲ್ತಿಗೆ ತಂದ ಹೆನ್ರಿ ಫಿಲಿಪ್ಸ್‌ನದು. ನಮಗೇನೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಸಂತೆಗೆ ಹೋಗುತ್ತಿದ್ದದ್ದು ರಾಬರ್ಟ್‌ಸನ್ ಪೇಟೆಗೆ, ಸಿನಿಮಾಕ್ಕೆ ಆಂಡರ್ಸನ್ ಪೇಟೆಗೆ. ರೈಲು ಬದಲಿಸುವ ಬಂಗಾರಪೇಟೆಯೂ ಹಿಂದೆ ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆಯೇ. ಚೌಕ ಗುಳಿಯ ರಾಬರ್ಟ್‌ಸನ್ ಸ್ಕ್ರೂ ಒಂದಿದೆ ಎಂದು ಗೊತ್ತಾದಾಗ ನಮ್ಮ ಪೇಟೆಯವನದೇ ಎಂದು ಬೀಗಿದ್ದೆವು. ಅವನು ಕೆನಡಾದವನಂತೆ!

ಆಮೇಲೆ ನಾವೇ ಒಬ್ಬರಿಗೊಬ್ಬರು ಹೆಸರಿಟ್ಟೆವು. ಕಡ್ಡಿ ಪೈಲ್ವಾನ, ಸಣಕಲು ದುಂಡು ಅರದ ಹೆಸರಿನಲ್ಲಿ ‘ರ‍್ಯಾಟ್ ಟೇಲ್’ ಆದ. ಕೈ ಹಿಡಿದರೆ ಬಿಡದವನು ‘ಸ್ಟಿಲ್ಸನ್’. ಆ ರೆಂಚ್ ಗುಣವೇ ಅದು, ಎಳೆದಷ್ಟೂ ಕಚ್ಚುತ್ತದೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರಿನ ಎಷ್ಟೋ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕೆಲಸಕ್ಕೆ ಓಡಾಡತೊಡಗಿದರು. ಕಳೆದ ವರ್ಷ ಬಂಗಾರಪೇಟೆಯ ಮದುವೆಯೊಂದರಲ್ಲಿ ಸ್ಟಿಲ್ಸನ್ ಸಿಕ್ಕಿದ್ದ. ‘ತಾತನ್ನ ಯಾಕೆ ಹಂಗೆ ಕರೀತಾರೆ?’ ಎಂದಿತು ಮೊಮ್ಮಗು. ಅವನು ನನ್ನ ಮಣಿಕಟ್ಟು ಹಿಡಿದು, ‘ಬಿಡಿಸ್ಕೊಳ್ಳೋ, ತೋರಿಸು ಇವನಿಗೆ’ ಎಂದ. ಊಟಕ್ಕೆ ಕರೆಯುವವರೆಗೂ ಬಿಡಿಸಿಕೊಳ್ಳಲಾಗಲಿಲ್ಲ.