ಕನಕಪುರದ ಕಲ್ಲುದಾರಿಗೆ ಎಂಥ ಗಾಲಿ?

ಬೆಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 55 ಕಿಲೋಮೀಟರು ಸಾಗಿದರೆ ಕನಕಪುರ. ಹಳಬರ ಬಾಯಲ್ಲಿ ಅದು ಇಂದಿಗೂ ಕಾನಕಾನಹಳ್ಳಿಯೇ. ರೇಷ್ಮೆ ಮತ್ತು ಬಂಡೆಗಲ್ಲು ಈ ಸೀಮೆಯ ಎರಡು ಐಶ್ವರ್ಯಗಳು. ರೇಷ್ಮೆಯ ನುಣುಪೆಲ್ಲ ಹೆದ್ದಾರಿಗೆ ಸಂದಿದೆ. ಬಂಡೆಗಲ್ಲಿನ ಒರಟೆಲ್ಲ ಹಳ್ಳಿಯ ದಾರಿಗಳ ಪಾಲಿಗೆ ಬಂದಿದೆ. ಸಾತನೂರಿನವರೆಗೆ ಕುಳಿತಲ್ಲಿಯೇ ತೂಕಡಿಸುತ್ತ ಹೋಗಬಹುದು. ಅಲ್ಲಿಂದ ಕಬ್ಬಾಳಿನ ಕಡೆ ತಿರುಗಿ, ಹೊಲದ ಮಣ್ಣುದಾರಿಗೆ ಇಳಿದಿರೋ, ನಿದ್ದೆ ತಾನಾಗಿ ಹಾರಿಹೋಗುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಸೆರೆಮನೆಯಾಗಿದ್ದ ಕಬ್ಬಾಳದುರ್ಗ ಒಂದೇ ಕಲ್ಲಿನಲ್ಲಿ ಕಡೆದಂತೆ ಎದುರಿಗೆ ನಿಲ್ಲುತ್ತದೆ. ಆದರೆ ಅದನ್ನು ಕಣ್ತುಂಬ ನೋಡುವ ಭಾಗ್ಯ ವಾಹನ ನಡೆಸುವವನಿಗಿಲ್ಲ. ಅವನ ದೃಷ್ಟಿಯೆಲ್ಲ ಮುಂದಿನ ಗುಂಡಿಯ ಮೇಲೆ.

ನನ್ನ ಅಕ್ಕನನ್ನು ಕೊಟ್ಟಿರುವುದು ಕನಕಪುರಕ್ಕೆ. ಭಾವನವರ ಹಿಪ್ಪುನೇರಳೆ ತೋಟ ಈ ಬೆಟ್ಟಸಾಲಿನ ಬುಡದಲ್ಲಿದೆ. ಅವರ ತಾಯಿ, ಎಪ್ಪತ್ತೆಂಟರ ಹಿರಿಯ ಜೀವ, ಪೇಟೆಯ ಮನೆಗೆ ಬರಲೊಪ್ಪದೆ ತೋಟದಲ್ಲಿಯೇ ಇದ್ದಾರೆ. ಹೋದ ವರ್ಷ ಹಿಂಗಾರಿನ ಒಂದು ರಾತ್ರಿ ಅವರಿಗೆ ಉಬ್ಬಸ ಹೆಚ್ಚಾಯಿತು. ಭಾವನವರು ತಮ್ಮ ಜಿಮ್ನಿ ಜೀಪನ್ನು ತೆಗೆದುಕೊಂಡು ಹೋದರು. ನಾಲ್ಕು ಗಾಲಿಗೂ ಎಂಜಿನ್ನಿನ ಬಲವೀಯುವ ವಾಹನವೆಂದು ಅವರಿಗೆ ಅದರ ಮೇಲೆ ಅಪಾರ ಭರವಸೆ. ಹಿಂದಿರುಗುವಾಗ, ತಾಯಿ ಒಳಗಿರುವಂತೆಯೇ, ಹಳ್ಳದ ಏರಿನಲ್ಲಿ ನಾಲ್ಕು ಗಾಲಿಗಳೂ ಸುತ್ತಿದವೇ ಹೊರತು ಗಾಡಿ ಮುಂದಕ್ಕೆ ಹೋಗಲಿಲ್ಲ. ನೆರೆಯವರ ಟ್ರ್ಯಾಕ್ಟರು ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಮುದುಕಿ ಉಳಿದುಕೊಂಡರು. ಆ ಒಂದೂವರೆ ಗಂಟೆಯನ್ನು ಮಾತ್ರ ಭಾವನವರು ಮರೆತಿಲ್ಲ.

ಈ ಬೇಸಗೆಯಲ್ಲಿ ನಾನು ಹೋದಾಗ ಅವರ ತಲೆಯ ತುಂಬ ಗಾಲಿಗಳೇ ತುಂಬಿದ್ದವು.

"ಮೇಷ್ಟ್ರೇ, ಹದಿನೆಂಟು ಇಂಚಿನ ಗಾಲಿ ಹಾಕಿಸುತ್ತಿದ್ದೇನೆ. ಈಗಿರುವುದು ಹದಿನೈದು. ಮೂರು ಇಂಚು ದೊಡ್ಡದಾದರೆ ಹಳ್ಳ ಏನು ಮಾಡೀತು?" ಎಂದರು. ಬೆಂಗಳೂರಿನ ಅಂಗಡಿಯೊಂದರಲ್ಲಿ ಥಳಥಳಿಸುವ ರಿಮ್ಮುಗಳನ್ನು ನೋಡಿ ಮುಂಗಡವನ್ನೂ ಕೊಡುವುದರಲ್ಲಿದ್ದರು. ಅಕ್ಕ ಅಡಿಗೆಮನೆಯಿಂದ, "ಮಗಳ ಕಾಲೇಜಿನ ಶುಲ್ಕಕ್ಕೆ ಇಟ್ಟ ಹಣ ಅದು" ಎಂದಷ್ಟೇ ಹೇಳಿದಳು.

ಕನ್ನಡ ಬೋಧಿಸುವವನಿಗೆ ಟೈರಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಆದರೆ ಟೈರಿನ ಪಕ್ಕೆಯ ಮೇಲಿರುವುದೂ ಒಂದು ಬರಹವೇ. ಅದನ್ನು ಬಿಡಿಸಿ ಓದಿದರಾಯಿತು. ಜಿಮ್ನಿಯ ಟೈರಿನ ಮೇಲೆ 195/80 ಆರ್ 15 ಎಂದಿದೆ. 195 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಆ ಅಗಲದ ನೂರಕ್ಕೆ ಎಂಬತ್ತು ಪಾಲು ಪಕ್ಕೆಯ ಎತ್ತರ; ಎಂದರೆ 156 ಮಿಲಿಮೀಟರು. ಆರ್ ಎಂಬುದು ರೇಡಿಯಲ್ ಎಂಬ ಕಟ್ಟಣೆಯ ಗುರುತು. ಫ್ರಾನ್ಸಿನ ಮಿಷೆಲಿನ್ ಕಂಪೆನಿ 1946ರಲ್ಲಿ ರೂಪಿಸಿದ ವಿಧಾನ. 15 ಮಾತ್ರ ಅಂಗುಲದ ಲೆಕ್ಕ, ಅದೂ ಒಳಗಿನ ಲೋಹದ ರಿಮ್ಮಿನದು. ಮಿಲಿಮೀಟರು, ಶೇಕಡ, ಅಂಗುಲ ಮೂರನ್ನೂ ಒಂದೇ ಸಾಲಿನಲ್ಲಿ ಬೆರೆಸಿದ ಪುಣ್ಯಾತ್ಮ ಯಾರೋ! ಎರಡು ಪಕ್ಕೆ, ಒಂದು ರಿಮ್ಮು ಕೂಡಿಸಿದರೆ ಗಾಲಿಯ ಒಟ್ಟು ಎತ್ತರ 693 ಮಿಲಿಮೀಟರು.

ಅಂಗಡಿಯವನು ಬರೆದುಕೊಟ್ಟಿದ್ದು 225/55 ಆರ್ 18. ಲೆಕ್ಕ ಹಾಕಿದೆವು. ಪಕ್ಕೆ 124, ಒಟ್ಟು ಎತ್ತರ 705. ಅಚ್ಚು ನೆಲದಿಂದ ಏಳುವುದು ಇದರ ಅರ್ಧದಷ್ಟೇ ಆದ್ದರಿಂದ ಭಾವನವರ ಮೂರು ಇಂಚು ಕರಗಿ ಕೇವಲ 6 ಮಿಲಿಮೀಟರಿಗೆ ಇಳಿಯಿತು! ಅದಕ್ಕೆ ತೆರುವ ಬೆಲೆಯೋ? ನೆಲಕ್ಕೂ ಲೋಹಕ್ಕೂ ನಡುವಣ ರಬ್ಬರು 32 ಮಿಲಿಮೀಟರಿನಷ್ಟು ಕಡಿಮೆ. ಕಲ್ಲಿನ ಮೊನೆ ತಗುಲಿದಾಗ ಬಾಗಿ ತಾಳಿಕೊಳ್ಳಬೇಕಾದದ್ದು ಆ ರಬ್ಬರಿನ ಪಕ್ಕೆ. ಅದು ಕುಗ್ಗಿದರೆ ಪೆಟ್ಟು ನೇರವಾಗಿ ರಿಮ್ಮಿಗೆ. ರಿಮ್ಮು ದೊಡ್ಡದಾದ ಮಾತ್ರಕ್ಕೆ ಗಾಲಿ ದೊಡ್ಡದಾಗದು ಎಂಬ ಸಂಗತಿ ಭಾವನವರಿಗೆ ಬಹಳ ಬೇಸರ ತಂದಿತು.

"ಹಾಗಾದರೆ ರಬ್ಬರೇ ದಪ್ಪವಾಗಿರಲಿ, 235/75 ಹಾಕೋಣ" ಎಂದರು. ಆಗ ಅಚ್ಚು 20 ಮಿಲಿಮೀಟರು ಏಳುವುದು ನಿಜ. ಆದರೆ ಸುತ್ತಳತೆ ನೂರಕ್ಕೆ ಸುಮಾರು ಆರರಷ್ಟು ಹೆಚ್ಚಿ, ವೇಗಮಾಪಕ 60 ಎಂದು ತೋರಿಸುವಾಗ ಗಾಡಿ 63ನ್ನು ಮೀರಿರುತ್ತದೆ. ಅಷ್ಟೇ ಎಂಜಿನ್ನು ಹೆಚ್ಚು ಭಾರದ ಗಾಲಿಯನ್ನು ತಿರುಗಿಸಬೇಕು, ಅದೇ ಬ್ರೇಕು ಅದನ್ನು ನಿಲ್ಲಿಸಬೇಕು. ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಸ್ಟೆಪ್ನಿಯ ಭಾರವನ್ನು ಹಿಂಬಾಗಿಲಿನ ಕೀಲುಗಳೇ ಹೊರಬೇಕು. ಮೇಲಾಗಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿದೆ.

ಮರುದಿನ ತೋಟಕ್ಕೆ ಹೊರಟೆವು. ದಾರಿಯ ಹಳ್ಳಿಯೊಂದರಲ್ಲಿ ಆಚಾರಿಯೊಬ್ಬರ ಜಗಲಿಯ ಮುಂದೆ ಹಳೆಯ ಎತ್ತಿನಗಾಡಿಯ ಚಕ್ರ ಒರಗಿಕೊಂಡಿತ್ತು. ನನ್ನ ಎದೆಯೆತ್ತರದ ಮರದ ಚಕ್ರ, ಸುತ್ತ ಎರಡು ಬೆರಳಗಲದ ಕಬ್ಬಿಣದ ಪಟ್ಟೆ. ಪಟ್ಟೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ನೀರು ಸುರಿದು ಬಿಗಿಸುತ್ತಿದ್ದ ಬಗೆಯನ್ನು ಅವರು ಕೈಯಾಡಿಸುತ್ತ ವರ್ಣಿಸಿದರು. ಈಗ ಊರಿನ ಗಾಡಿಗಳಿಗೆಲ್ಲ ರಬ್ಬರು ಟೈರು. ಆ ಕೆಲಸ ನಿಂತು ಬಹಳ ವರ್ಷಗಳಾದವಂತೆ.

"ಆಚಾರ್ರೇ, ಚಕ್ರ ಎಷ್ಟೆತ್ತರ ಇರಬೇಕೆಂದು ಹೇಗೆ ಗೊತ್ತುಮಾಡುತ್ತಿದ್ದಿರಿ?" ಎಂದು ಕೇಳಿದೆ.

"ಬಂದೋರನ್ನ ಮೂರು ಮಾತು ಕೇಳ್ತಿದ್ದೆ ಸ್ವಾಮಿ. ಎತ್ತು ಎಷ್ಟೆತ್ತರ? ಹೇರು ಏನು? ದಾರಿ ಎಂಥದು? ಸುಮ್ನೆ ದೊಡ್ಡದು ಮಾಡಿ ಅಂದ್ರೆ ಮಾಡ್ತಿರಲಿಲ್ಲ. ನೊಗ ಎತ್ತಿನ ಹೆಗಲಿಗೆ ಕೂರಬೇಕಲ್ಲ?"

ಭಾವನವರು ನನ್ನ ಮುಖ ನೋಡಿದರು. ನಾನು ಚಕ್ರದ ಮುಖ ನೋಡಿದೆ.

ಹಳ್ಳದ ಏರಿನಲ್ಲಿ ಗಾಡಿ ನಿಲ್ಲಿಸಿ ಇಳಿದೆವು. ಮೇಲೆ ನಾಲ್ಕು ಬೆರಳು ಕೆಮ್ಮಣ್ಣು, ಕೆಳಗೆ ಗಟ್ಟಿ ಜಲ್ಲಿನೆಲ. ಇಂಥ ತೆಳುಗೆಸರನ್ನು ಸೀಳಿಕೊಂಡು ಅಡಿಯ ನೆಲವನ್ನು ಹಿಡಿಯಲು ಕಿರಿದಾದ ಟೈರೇ ಮೇಲು. ಆಳವಾದ ಮರಳಿನ ಮಾತು ಬೇರೆ. ಅಲ್ಲಿ ತೇಲುವ ಅಗಲ ಬೇಕು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪುಗಳ ಟೈರು 6.00-16, ಎಂದರೆ ಆರೇ ಅಂಗುಲ ಅಗಲ. ಅದನ್ನು ತೊಟ್ಟೇ ಅವು ಲೋಕದ ಕೆಸರನ್ನೆಲ್ಲ ತುಳಿದವು.

ಹಾಗಾದರೆ ಆ ರಾತ್ರಿ ಗಾಡಿ ಜಾರಿದ್ದೇಕೆ? ಟೈರನ್ನು ಬಗ್ಗಿ ನೋಡಿದೆ. ಬಟನ್ ಸವೆದು ಬೋಳಾಗಿತ್ತು. ಇದ್ದಾಗಲೂ ಅದು ಡಾಂಬರಿಗೆಂದು ಮಾಡಿದ ಸಣ್ಣ ಗೀರಿನ ಬಟನ್. ಗಾಳಿ ಎಷ್ಟೆಂದರೆ, "35 ಪೌಂಡು ಹಾಕಿಸುತ್ತೇನೆ, ಗಟ್ಟಿಯಾಗಿರಲಿ ಅಂತ" ಎಂದರು ಭಾವ. ಬಾಗಿಲ ಬಳಿಯ ಚೀಟಿಯಲ್ಲಿದ್ದದ್ದು ಅದಕ್ಕಿಂತ ಕಡಿಮೆ. ಬಿಗಿದ ಟೈರು ನೆಲವನ್ನು ಬೊಟ್ಟಿಟ್ಟಂತೆ ಮುಟ್ಟುತ್ತದೆ. ಗಾಳಿ ತುಸು ಇಳಿಸಿದರೆ ಅಂಗೈ ಊರಿದಂತೆ ಉದ್ದಕ್ಕೆ ಹರಡಿ ಹಿಡಿಯುತ್ತದೆ. 20 ಪೌಂಡಿಗೆ ಇಳಿಸಿದೆವು. ಒಣನೆಲವಾದರೂ ವ್ಯತ್ಯಾಸ ಕುಳಿತವರ ಸೊಂಟಕ್ಕೇ ತಿಳಿಯಿತು. ತೀರ ಇಳಿಸಿದರೆ ಟೈರು ರಿಮ್ಮನ್ನೇ ಬಿಟ್ಟೀತು. ಹೆದ್ದಾರಿಗೆ ಏರುವ ಮುನ್ನ ಮತ್ತೆ ತುಂಬಿಸದಿದ್ದರೆ ಕಾದು ಸಿಡಿಯುವ ಭಯವೂ ಉಂಟು. ಅದಕ್ಕೆಂದು ಪುಟ್ಟದೊಂದು ವಿದ್ಯುತ್ ಪಂಪನ್ನು ಕೊಂಡಿದ್ದಾಯಿತು.

ಒಂದು ದಿನ ಸಂಗಮಕ್ಕೂ ಹೋಗಿಬಂದೆವು. ಸ್ವಂತ ವಾಹನಗಳು ಅರ್ಕಾವತಿಯ ಈಚೆಗೇ ನಿಲ್ಲಬೇಕು. ಆಚೆಯದು ಕಾವೇರಿ ವನ್ಯಧಾಮದ ಕಾಡು. ಹೊಳೆ ದಾಟಿದವರನ್ನು ಮೇಕೆದಾಟಿನವರೆಗೆ ನಾಲ್ಕು ಕಿಲೋಮೀಟರು ಕರೆದೊಯ್ದದ್ದು ಒಂದು ಮುದಿ ಬಸ್ಸು. ಅದರ ಗಾಲಿಗೆ ಥಳಕಿಲ್ಲ. ಎತ್ತರದ ರಬ್ಬರಿದೆ, ಚಾಲಕನಿಗೆ ತಾಳ್ಮೆಯಿದೆ. ಅಡಿಯಡಿಗೆ ಕುಲುಕಿಸಿದರೂ ಎಲ್ಲಿಯೂ ನಿಲ್ಲಲಿಲ್ಲ.

ಭಾವನವರು ಕೊನೆಗೆ ಹಳೆಯ ರಿಮ್ಮುಗಳಿಗೇ, 195/80 ಅಳತೆಯಲ್ಲೇ, ಕಲ್ಲಿಗೂ ಡಾಂಬರಿಗೂ ಹೊಂದುವ ದಪ್ಪ ಬಟನ್ನಿನ ಎ.ಟಿ. ಟೈರುಗಳನ್ನು ಹಾಕಿಸಿದರು, ಸ್ಟೆಪ್ನಿಯೂ ಸೇರಿ ಐದು. ಎಂ.ಟಿ. ಎಂಬ ಇನ್ನೂ ಒರಟು ಬಗೆಯೊಂದಿದೆ. ದಿನವೂ ಹೆದ್ದಾರಿಯಲ್ಲಿ ಓಡಾಡುವವರಿಗೆ ಅದು ಬೇಗ ಸವೆಯುತ್ತದೆ, ಮಳೆಯ ಡಾಂಬರಿನಲ್ಲಿ ಜಾರುತ್ತದೆ.

ಮೊದಲ ಮಳೆ ಬಿದ್ದ ವಾರ ಅಕ್ಕ ಫೋನು ಮಾಡಿದಳು. ಸಂಜೆಗತ್ತಲಲ್ಲಿ ಅತ್ತೆಯನ್ನು ಕೂರಿಸಿಕೊಂಡು, ನೀರಿಳಿದ ಮೇಲೆ ಹಳ್ಳ ಹತ್ತಿ ಬಂದರಂತೆ. ಶುಲ್ಕದ ಹಣದಲ್ಲಿ ಮುಕ್ಕಾಲು ಪಾಲು ಉಳಿದಿದೆಯಂತೆ. ಹೊಸ ಟೈರುಗಳು ಡಾಂಬರಿನ ಮೇಲೆ ಜೇನುಹುಳುವಿನಂತೆ ಗುಂಯ್‌ಗುಡುತ್ತವೆಂದು ಅತ್ತೆಯವರ ದೂರು.