ಕುರ್ಚಿಯ ಗಾಲಿ, ನೆಲದ ಗೀರು

ಗಿರಗಾಂವದ ಚಾಳಿನಲ್ಲಿ ನಮ್ಮ ಕೋಣೆಗೆ ಸಾಗುವಾನಿ ಹಲಗೆಯ ನೆಲ. 1974ರಲ್ಲಿ ಧಾರವಾಡದಿಂದ ಬಂದ ನಮ್ಮ ತಂದೆಯವರು ಮೊದಲ ರಾತ್ರಿ ಮಲಗಿದ್ದು ಆ ಬರಿ ಹಲಗೆಯ ಮೇಲೆಯೇ. ಮಗನ ಓದಿಗೆಂದು ಗಾಲಿಯ ಕುರ್ಚಿ ತಂದೆವು; ತಿಂಗಳೊಳಗೆ ನೆಲದ ತುಂಬ ಗೀರು! ಬಿ.ಎಸ್ಸಿ. ಪಾಠ ಆಗ ನೆನಪಾಯಿತು: ಭಾರ ಅಷ್ಟೇ ಇದ್ದರೂ ತಾಗುವ ಜಾಗ ಕಿರಿದಾದಷ್ಟೂ ಒತ್ತಡ ಹೆಚ್ಚು. ಗಟ್ಟಿ ನೈಲಾನ್ ಗಾಲಿಯಡಿ ಮರಳಿನ ಕಣ ಸಿಕ್ಕರಂತೂ ಕೇಳುವುದೇ ಬೇಡ. ರಬ್ಬರಿನಂಥ ಮೆತ್ತನೆಯ ಅಗಲ ಗಾಲಿ ಹಾಕಿಸಿ, ಕೆಳಗೆ ದಪ್ಪ ಕಾರ್ಪೆಟ್ ತುಂಡು ಹಾಸಿದೆವು; ದಿನವೂ ಗುಡಿಸುತ್ತೇವೆ. ಮೊನ್ನೆ, ಎಂದೂ ದೂರದ ಕೆಳಮನೆಯ ಆಯಿ, “ಈಗ ರಾತ್ರಿ ನಿದ್ದೆ ಬರ್ತದಪ್ಪಾ” ಎಂದರು. ನಮ್ಮ ನೆಲವೇ ಅವರ ಛಾವಣಿಯೆಂಬುದು ಅಲ್ಲಿಯವರೆಗೆ ನಮಗೆ ಹೊಳೆದಿರಲಿಲ್ಲ.